ತೂಕ ಇಳಿಸುವ ಆಪರೇಷನ್ನು ಮತ್ತು ಮನೆಯವರು



ನಿಲಂಗಾ, ಉಮರ್ಗಾ, ಉದಗೀರ ಸೀಮೆಯ ತಾಯಂದಿರೇ, ಅಣ್ಣಂದಿರೇ, ಇವತ್ತಿನ ವಿಷಯ ಬೊಜ್ಜಿನದು. ಬೊಜ್ಜು ಇಳಿಸಲು ಹೊಟ್ಟೆಗೆ ಮಾಡುವ ಆಪರೇಷನ್ನು, ಅದರ ಮೊದಲಿನ ತಯಾರಿ, ಆಮೇಲಿನ ಚೇತರಿಕೆ. ನಾನು ವೈದ್ಯನಲ್ಲ, ಬ್ಯಾಂಕಿನಲ್ಲಿ ಜಮಾ-ಖರ್ಚು ಬರೆದು ನಿವೃತ್ತನಾದವನು. ನನ್ನ ತಂಗಿಯ ಮಗಳಿಗೆ ಈ ಆಪರೇಷನ್ನು ಆದಾಗ ಕಾಗದಪತ್ರ ನೋಡುವ ಕೆಲಸ ನನ್ನ ಪಾಲಿಗೆ ಬಂತು. ಆಗ ಡಾಕ್ಟರರನ್ನು ಕೇಳಿ ಕೇಳಿ ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಒಂದು ಗೊಂದಲ ಬಿಡಿಸೋಣ. 2022ರ ಮೇ ತಿಂಗಳಲ್ಲಿ ಕನ್ನಡ ಧಾರಾವಾಹಿಗಳ ಯುವ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಕ್ರಿಯೆಗೆ ಹೋಗಿ ತೀರಿಕೊಂಡ ಸುದ್ದಿ ನೀವು ಕೇಳಿರಬಹುದು. ಚರ್ಮದ ಕೆಳಗಿನ ಕೊಬ್ಬನ್ನು ಹೀರಿ ತೆಗೆಯುವುದು ಬೇರೆ, ನಾನು ಹೇಳುತ್ತಿರುವುದು ಬೇರೆ. ಅದು ರೂಪಕ್ಕಾಗಿ, ಇದು ರೋಗಕ್ಕಾಗಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಸವೆದ ಮೊಣಕಾಲು, ನಿದ್ದೆಯಲ್ಲಿ ಉಸಿರು ಕಟ್ಟುವುದು, ಇವೆಲ್ಲ ಬೊಜ್ಜಿನ ಬೆನ್ನು ಹತ್ತಿ ಬಂದಾಗ, ಪಥ್ಯ ಮತ್ತು ಔಷಧದಿಂದ ಗುಣ ಕಾಣದಿದ್ದಾಗ ಮಾಡುವ ಆಪರೇಷನ್ನು ಇದು.

1966ರಲ್ಲಿ ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಎಂಬ ಶಸ್ತ್ರವೈದ್ಯರು ಜಠರದ ಬೈಪಾಸ್ ಆರಂಭಿಸಿದರು. ಜಠರದ ತಲೆಗೆ ಸಣ್ಣ ಚೀಲ ಮಾಡಿ, ಕರುಳನ್ನು ಅದಕ್ಕೇ ನೇರ ಜೋಡಿಸುವುದು ಆ ಪದ್ಧತಿ. ಈಗ ಹೆಚ್ಚಾಗಿ ಮಾಡುವುದು ಸ್ಲೀವ್ ಎಂಬ ಇನ್ನೊಂದು ಬಗೆ. ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ತೂತು ಮಾಡಿ, ಜಠರದ ಮುಕ್ಕಾಲು ಭಾಗವನ್ನು ತೆಗೆದುಬಿಡುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಅದರಲ್ಲಿ ಹಿಡಿಯುವುದು ಒಂದು ಸಣ್ಣ ಕಪ್ಪಿನಷ್ಟು. ಹಸಿವು ಹುಟ್ಟಿಸುವ ಘ್ರೆಲಿನ್ ಎಂಬ ರಸ ಹೆಚ್ಚಾಗಿ ಆ ತೆಗೆದ ಭಾಗದಲ್ಲೇ ತಯಾರಾಗುತ್ತದಂತೆ, ಹೀಗಾಗಿ ಹಸಿವೂ ತಗ್ಗುತ್ತದೆ. ತೆಗೆದ ಭಾಗ ಮತ್ತೆ ಬೆಳೆಯುವುದಿಲ್ಲ. ಬ್ಯಾಂಕಿನ ಮಾತಿನಲ್ಲಿ ಹೇಳಿದರೆ, ಈ ಖಾತೆಯನ್ನು ಬಂದ್ ಮಾಡಿ ಮತ್ತೆ ತೆರೆಯಲು ಬರುವುದಿಲ್ಲ.

ಯಾರಿಗೆ ಮಾಡಬೇಕು ಎಂಬುದಕ್ಕೆ ಒಂದು ಲೆಕ್ಕವಿದೆ. ಐದಡಿ ಎತ್ತರದ ಹೆಣ್ಣುಮಗಳು ಎಂದುಕೊಳ್ಳಿ, ಮೀಟರಿನಲ್ಲಿ 1.52. ಅದನ್ನು ಅದರಿಂದಲೇ ಗುಣಿಸಿದರೆ 2.31. ತೂಕ 92 ಕಿಲೋ ಇದ್ದರೆ, 92ನ್ನು 2.31ರಿಂದ ಭಾಗಿಸಿ. ಹೆಚ್ಚು ಕಡಿಮೆ 40 ಬರುತ್ತದೆ. ಇದಕ್ಕೆ ಬಿಎಂಐ ಎನ್ನುತ್ತಾರೆ. ಇಲ್ಲಿ ಒಂದು ಸೂಕ್ಷ್ಮವಿದೆ. ನಮ್ಮ ದೇಶದವರ ಮೈಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಅಂಟುವುದರಿಂದ ಡಾಕ್ಟರರು 40ಕ್ಕಿಂತ ಬಹಳ ಕೆಳಗೇ ಆಪರೇಷನ್ನಿನ ಸಲಹೆ ಕೊಡಬಹುದು. ವಿಮೆಯವರ ಲೆಕ್ಕ ಹಾಗಲ್ಲ. 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಹಾಕಿಕೊಟ್ಟ ನಿಯಮದಂತೆ ರೋಗಿಗೆ 18 ವರ್ಷ ತುಂಬಿರಬೇಕು, ಬಿಎಂಐ 40 ಅಥವಾ ಅದಕ್ಕೂ ಮೇಲೆ ಇರಬೇಕು. 35 ಇದ್ದರೆ ಹೃದಯದ ರೋಗವೋ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯೋ ಜೊತೆಗಿರಬೇಕು, ಬೇರೆ ಉಪಾಯ ಮಾಡಿ ಸೋತಿರಬೇಕು. ಡಾಕ್ಟರರು ಹೂಂ ಎಂದರೆ ವಿಮೆಯೂ ಹೂಂ ಎನ್ನುತ್ತದೆಂದು ನಂಬಿ ಹೊಲ ಅಡವಿಡಬೇಡಿ. ಪಾಲಿಸಿಯ ಹಿಂದಿನ ಸಣ್ಣ ಅಕ್ಷರ ಓದಿ, ಮುಂಚಿತ ಮಂಜೂರಾತಿ ಬರವಣಿಗೆಯಲ್ಲಿ ಪಡೆಯಿರಿ.

2025ರಿಂದ ತೂಕ ಇಳಿಸಲು ವಾರಕ್ಕೊಮ್ಮೆ ಚುಚ್ಚುವ ಹೊಸ ಇಂಜೆಕ್ಷನ್ನುಗಳೂ ನಮ್ಮ ದೇಶದಲ್ಲಿ ಸಿಗುತ್ತಿವೆ. ಅವು ನಡೆದಾವೇ ಎಂದು ಡಾಕ್ಟರರನ್ನು ಮೊದಲೇ ಕೇಳುವುದು ಒಳ್ಳೆಯದು.

ಇನ್ನು ತಯಾರಿ. ನಮ್ಮ ಹುಡುಗಿಗೆ ಎರಡು ವಾರ ಮೊದಲೇ ರೊಟ್ಟಿ, ಅನ್ನ, ಸಿಹಿ ನಿಲ್ಲಿಸಿ ಬೇಳೆ, ಮಜ್ಜಿಗೆ, ಪ್ರೋಟೀನ್ ಪುಡಿಯ ಮೇಲೆ ಇಟ್ಟರು. ಆಪರೇಷನ್ನಿಗೆ ಮೊದಲು ಉಪವಾಸ ಯಾಕೆ ಎಂದು ಮನೆಯಲ್ಲಿ ಗೊಣಗಾಟ. ಕಾರಣ ಇದು. ನಮ್ಮ ಯಕೃತ್ತು ಜಠರದ ಮೇಲೆ ಮುಚ್ಚಳದಂತೆ ಕೂತಿರುತ್ತದೆ. ಬೊಜ್ಜಿನವರಲ್ಲಿ ಅದಕ್ಕೂ ಕೊಬ್ಬು ತುಂಬಿ ಉಬ್ಬಿರುತ್ತದೆ. ಎರಡು ವಾರದ ಪಥ್ಯಕ್ಕೆ ಅದು ಕುಗ್ಗಿದರೆ ಶಸ್ತ್ರವೈದ್ಯರ ಕೈಗೆ ಜಾಗ ಸಿಗುತ್ತದೆ. 2017ರಲ್ಲಿ ಈಜಿಪ್ಟಿನಿಂದ ಇಮಾನ್ ಅಹ್ಮದ್ ಎಂಬ ಮಹಿಳೆಯನ್ನು ಸರಕಿನ ವಿಮಾನದಲ್ಲಿ ಮುಂಬೈಗೆ ತಂದದ್ದು ನೆನಪಿರಬಹುದು. ತೂಕ ಸುಮಾರು 500 ಕಿಲೋ. ಅವರಿಗೂ ತಂದ ಮರುದಿನವೇ ಚಾಕು ಹಾಕಲಿಲ್ಲ. ದ್ರವ ಆಹಾರ ಕೊಟ್ಟು ಸಾಕಷ್ಟು ತೂಕ ಇಳಿಸಿ, ಮಾರ್ಚಿನಲ್ಲಿ ಆಪರೇಷನ್ನು ಮಾಡಿದರು. ಮುಂದೆ ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರು ಅಬುಧಾಬಿಯಲ್ಲಿ ತೀರಿಕೊಂಡರು.

ತಂಬಾಕು ಬಿಡಲೇಬೇಕು. ಬೀಡಿ, ಗುಟ್ಖಾ ಮಾತ್ರವಲ್ಲ, ನಮ್ಮ ಹೆಣ್ಣುಮಕ್ಕಳು ಹಲ್ಲಿಗೆ ತಿಕ್ಕುವ ಮಿಶ್ರಿಯೂ ತಂಬಾಕೇ. ಹೊಲಿಗೆ ಕೂಡುವುದನ್ನು ಅದು ತಡೆಯುತ್ತದೆ. ರಕ್ತ, ಹೃದಯ, ಥೈರಾಯ್ಡ್ ತಪಾಸಣೆ, ಬಾಯಿಂದ ನಳಿಗೆ ಇಳಿಸಿ ಜಠರ ನೋಡುವುದು, ಇವೆಲ್ಲ ಆಗುತ್ತವೆ. ಮನಸ್ಸಿನ ಡಾಕ್ಟರರ ಹತ್ತಿರವೂ ಕಳಿಸುತ್ತಾರೆ. ಹುಚ್ಚು ಹಿಡಿದಿದೆಯೇ ಎಂದು ಬೇಸರಪಡಬೇಕಿಲ್ಲ, ಹೊಸ ಊಟದ ರೀತಿಗೆ ಮನಸ್ಸು ಗಟ್ಟಿ ಇದೆಯೇ ಎಂದು ನೋಡುವುದಕ್ಕೆ.

ಇಷ್ಟೆಲ್ಲ ತಯಾರಿಯಲ್ಲಿ ನಮ್ಮ ಕಡೆ ಒಂದು ತಯಾರಿ ತಪ್ಪಿಹೋಗುತ್ತದೆ. ಅದು ಮಂದಿಗೆ ಹೇಳುವುದು. ನಮ್ಮ ಹುಡುಗಿ ಹಟ ಹಿಡಿದಳು. "ಮಾಮಾ, ತಿಂದು ತಿಂದು ಹೊಟ್ಟಿ ಕೊಯ್ಸಿಕೊಂಡಾಳ ಅಂತಾರ್ರೀ ಮಂದಿ. ಯಾರಿಗೂ ಹೇಳಬ್ಯಾಡ್ರಿ" ಎಂದಳು. ಅತ್ತೆಯ ಮನೆಯವರೂ ಹಾಗೇ ಎಂದರು. ಪಿತ್ತಕೋಶದಲ್ಲಿ ಹರಳು, ಮರಾಠಿಯಲ್ಲಿ ಖಡೆ ಎನ್ನುತ್ತಾರಲ್ಲ, ಅದನ್ನು ತೆಗೆಸಿದೆವು ಎಂದು ಊರಿಗೆಲ್ಲ ಸುದ್ದಿ ಕೊಟ್ಟರು. ನಿತಿನ್ ಗಡ್ಕರಿಯವರು 2011ರಲ್ಲಿ, ಅರುಣ್ ಜೇಟ್ಲಿಯವರು 2014ರಲ್ಲಿ ಇದೇ ಬಗೆಯ ಆಪರೇಷನ್ನು ಮಾಡಿಸಿಕೊಂಡರು, ಪತ್ರಿಕೆಗಳಲ್ಲಿ ಬಂತು, ಯಾರೂ ನಗಲಿಲ್ಲ. ಹಳ್ಳಿಯ ಸೊಸೆಗೆ ಮಾತ್ರ ನಾಚಿಕೆ.

ಆಪರೇಷನ್ನು ಚೆನ್ನಾಗಿಯೇ ಆಯಿತು. ಮೂರು ವಾರಕ್ಕೆ ಎಳ್ಳ ಅಮಾಸಿ ಬಂತು. ಆ ದಿನ ಲಾತೂರ, ಧಾರಾಶಿವ ಕಡೆ ಪೇಟೆಗಳು ಬರಿದಾಗಿ ಎಲ್ಲರೂ ಹೊಲದಲ್ಲಿ ಇರುತ್ತಾರೆಂಬುದು ನಿಮಗೆ ಗೊತ್ತೇ ಇದೆ. ಮರಾಠಿಯವರು ವೇಳ ಅಮಾವಾಸ್ಯೆ ಎನ್ನುತ್ತಾರೆ, ಆಡುಮಾತಿನಲ್ಲಿ ಯೇಳವಸ. ಹೆಸರು ನಮ್ಮದೇ, ಅವರ ಬಾಯಲ್ಲಿ ಸ್ವಲ್ಪ ತಿರುಗಿದೆ. ಸಜ್ಜೆಯ ಉಂಡೆ, ಭಜ್ಜಿ, ಅಂಬೀಲ, ಶೇಂಗಾ ಹೋಳಿಗೆ. ನೀಡುವವರು ಬಿಡುತ್ತಾರೆಯೇ? ಮರಾಠಿಯಲ್ಲಿ ಆಗ್ರಹ ಎಂದರೆ ಪ್ರೀತಿಯಿಂದ ಒತ್ತಾಯ ಮಾಡಿ ನೀಡುವುದು. ಕನ್ನಡದ ಹಳೆಯ ಪುಸ್ತಕಗಳಲ್ಲಿ ಅದೇ ಶಬ್ದಕ್ಕೆ ಸಿಟ್ಟು ಎಂಬ ಅರ್ಥ. ನಮ್ಮ ಸೀಮೆಯ ಪಂಕ್ತಿಯಲ್ಲಿ ಎರಡೂ ಕೂಡಿರುತ್ತವೆ, ಒಲ್ಲೆ ಎಂದರೆ ಪ್ರೀತಿ ಹೋಗಿ ಸಿಟ್ಟು ಬರುತ್ತದೆ. "ಖಡೆ ತೆಗೆಸಿ ಮೂರು ವಾರ ಆತಲ್ಲ, ಇನ್ನೇನ್ ಪಥ್ಯ?" ಎಂದು ಚಿಕ್ಕತ್ತೆ ಕೈಯಾರೆ ಉಂಡೆ ತಿನ್ನಿಸಿದರು. ಮಗಳಿಗೆ ನಿಜ ಹೇಳಲು ಬಾಯಿ ಬರಲಿಲ್ಲ.

ಅಂದು ಸಂಜೆ ವಾಂತಿ ಶುರುವಾಯಿತು. ಆರು ದಿನ ಬಿಡಲಿಲ್ಲ, ನೀರೂ ನಿಲ್ಲಲಿಲ್ಲ. ಪಿತ್ತವೆಂದರು, ದೃಷ್ಟಿಯೆಂದರು. ಪಾದ ಜುಮುಗುಟ್ಟಿ, ನಡೆದರೆ ಜೋಲಿ ಹೊಡೆಯುವಂತಾದಾಗ ಹತ್ತಿರದ ದವಾಖಾನೆಗೆ ಒಯ್ದರು. ಅಲ್ಲಿಯೂ ಪಿತ್ತಕೋಶದ ಕಥೆಯೇ. ಗ್ಲೂಕೋಸ್ ಬಾಟಲಿ ತೂಗುಹಾಕುವ ಹೊತ್ತಿಗೆ ಅಳಿಯ ತಡೆಯಲಾರದೆ, "ಡಾಕ್ಟರ್ ಸಾಹೇಬ್ರ, ಇಕೀದು ಹೊಟ್ಟಿ ಸಣ್ಣ ಮಾಡ್ಯಾರ್ರಿ" ಎಂದ. ಡಾಕ್ಟರರು ಬಾಟಲಿ ನಿಲ್ಲಿಸಿ, ಮೊದಲು ಬಿ-1 ಜೀವಸತ್ವದ ಇಂಜೆಕ್ಷನ್ನು ಕೊಟ್ಟರು.

ಇದನ್ನು ದಯವಿಟ್ಟು ನೆನಪಿಡಿ. ಬಿ-1 ಎಂಬುದು ನಮ್ಮ ಮೈಯಲ್ಲಿ ಎರಡು ಮೂರು ವಾರಕ್ಕಾಗುವಷ್ಟೇ ಸಂಗ್ರಹವಿರುತ್ತದೆ. ಈ ಆಪರೇಷನ್ನಾದವರು ಮೊದಲೇ ಕಡಿಮೆ ಉಣ್ಣುತ್ತಾರೆ. ಮೇಲೆ ವಾಂತಿಯೂ ಹತ್ತಿದರೆ ಆ ಸಂಗ್ರಹ ಬರಿದಾಗಿ ನರಕ್ಕೆ, ಮಿದುಳಿಗೆ ಏಟು ಬೀಳುತ್ತದೆ. ಬಿ-1 ಕೊಡದೆ ಗ್ಲೂಕೋಸ್ ಏರಿಸಿದರೆ ಇನ್ನೂ ಕೆಡಬಹುದು. ಊರಿಗೆ ಹೇಳದಿದ್ದರೆ ಹೋಗಲಿ, ಡಾಕ್ಟರರಿಗೆ ಹೇಳಲೇಬೇಕು. ಆಪರೇಷನ್ನಿನ ಕಾಗದದ ಒಂದು ಪ್ರತಿ ಸದಾ ಚೀಲದಲ್ಲಿರಲಿ. ಹುಡುಗಿ ಉಳಿದಳು. ಈಗ ಹೊಲದ ತನಕ ನಡೆದು ಹೋಗುತ್ತಾಳೆ, ಇನ್ಸುಲಿನ್ ನಿಂತಿದೆ.

ಚೇತರಿಕೆಯ ಕ್ರಮ ಹೀಗಿರುತ್ತದೆ. ಆಪರೇಷನ್ನಾದ ದಿನ ಇಲ್ಲವೇ ಮರುದಿನವೇ ಎಬ್ಬಿಸಿ ನಡೆಸುತ್ತಾರೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದೆಂದು. "ಹಸಿ ಮೈ, ಮಲಗಲಿ" ಎಂದು ನಮ್ಮ ಹಿರಿಯರು ಅಡ್ಡ ಬರಬಾರದು. ಮೊದಲ ಕೆಲವು ದಿನ ತಿಳಿನೀರಿನಂಥದು, ಆಮೇಲೆ ಮಜ್ಜಿಗೆ, ಬೇಳೆಯ ಕಟ್ಟು, ಹಾಲು. ನಂತರ ನುಣ್ಣಗೆ ಅರೆದದ್ದು, ಮೆತ್ತನೆಯದು. ಒಂದೂವರೆ ಎರಡು ತಿಂಗಳಿಗೆ ಗಟ್ಟಿ ಊಟ. ಕಡಕ್ ರೊಟ್ಟಿಗೆ ಇನ್ನೂ ತಡ. ಉಣ್ಣುವಾಗ ನೀರಿಲ್ಲ, ಅರ್ಧ ಗಂಟೆ ಅಂತರ. ದಿನಕ್ಕೆ 60 ಗ್ರಾಂ ಪ್ರೋಟೀನ್ ಆದರೂ ಹೋಗಬೇಕು. ಅಂಬಲಿ ಸುಲಭವಾಗಿ ಇಳಿಯುತ್ತದೆ ನಿಜ, ಆದರೆ ಬಲ ಇರುವುದು ಬೇಳೆ, ಮೊಸರು, ಮೊಟ್ಟೆಯಲ್ಲಿ.

ಮೊದಲ ವಾರಗಳಲ್ಲಿ ಜ್ವರ, ನಾಡಿಯ ಓಟ, ಉಸಿರಿನ ತೊಂದರೆ, ಹೊಟ್ಟೆಯ ಜೋರು ನೋವು ಅಥವಾ ಎಡಭುಜದ ನೋವು ಬಂದರೆ ಹೊಲಿಗೆಯಿಂದ ಸೋರಿಕೆ ಇರಬಹುದು. ಬೆಳಗಾಗಲಿ ಎಂದು ಕಾಯದೆ ಆಪರೇಷನ್ನು ಮಾಡಿದ ಕಡೆ ಓಡಬೇಕು. ಸಕ್ಕರೆ ಕೆಲವೇ ದಿನಗಳಲ್ಲಿ ಇಳಿಯುವುದುಂಟು, ಹಳೆಯ ಗುಳಿಗೆ, ಇನ್ಸುಲಿನ್ ಅಷ್ಟೇ ಪ್ರಮಾಣದಲ್ಲಿ ಮುಂದುವರಿಸಿದರೆ ಅಪಾಯ. ಮೂರು ನಾಲ್ಕು ತಿಂಗಳಿಗೆ ಕೂದಲು ಉದುರುತ್ತದೆ, ಹೆದರಬೇಡಿ, ಬಹುತೇಕ ಮತ್ತೆ ಬರುತ್ತದೆ. ಹೆಣ್ಣುಮಕ್ಕಳು ಒಂದು ಒಂದೂವರೆ ವರ್ಷ ಗರ್ಭ ಧರಿಸಬಾರದು. ಜೀವಸತ್ವ, ಕಬ್ಬಿಣ, ಸುಣ್ಣದ ಗುಳಿಗೆ ಮಾತ್ರ ಬದುಕಿರುವ ತನಕ. ಬೈಪಾಸ್ ಆದವರು ಬೆಲ್ಲ, ಸಕ್ಕರೆ ಹೆಚ್ಚು ತಿಂದರೆ ಬೆವರಿ, ಎದೆ ಹೊಡೆದುಕೊಂಡು, ಭೇದಿಯಾಗಿ ಒರಗುತ್ತಾರೆ. ಮೊಣಕಾಲಿಗೆಂದು ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗುವುದೂ ಅವರಿಗೆ ಸಲ್ಲದು, ಹುಣ್ಣಾಗುತ್ತದೆ.

ಮುಂದಿನ ಲಗ್ನಸರಾಯಿಯಲ್ಲಿ ನಿಮ್ಮ ಪಂಕ್ತಿಗೂ ಇಂಥವರು ಬಂದು ಕೂಡಬಹುದು. ಅವರ ಮುಂದೆ ಒಂದು ಸಣ್ಣ ವಾಟಿ ಇಡಿ, ಅದರಲ್ಲಿ ಬೇಳೆ ಹಾಕಿ. ಅವರು ಸಾಕೆಂದು ಕೈ ಅಡ್ಡ ಹಿಡಿದ ಕೂಡಲೇ ಬುಟ್ಟಿ ಎತ್ತಿಕೊಂಡು ಮುಂದಿನವರ ಕಡೆ ಹೋಗಿ.