ಕ್ಯಾಸಿನೊ ಹೋಟೆಲಿನಲ್ಲಿ ಎರಡು ರಾತ್ರಿ



ಸಂಸಾರ ಸಮೇತ ಜೂಜಿನ ಮನೆಯಲ್ಲಿ ಇಳಿದುಕೊಂಡಿದ್ದೆವು ಎಂದರೆ ನೀವು ಹುಬ್ಬೇರಿಸಬಹುದು. ನಿಜ ಹೇಳಬೇಕೆಂದರೆ ನಾವು ಅಲ್ಲಿಗೆ ಹೋದದ್ದು ಜೂಜಿಗಾಗಿ ಅಲ್ಲ, ಬಾಡಿಗೆ ಅಗ್ಗವೆಂಬ ಕಾರಣಕ್ಕೆ. 2018ರ ಬೇಸಿಗೆ ರಜೆಯಲ್ಲಿ ನಾನು, ನಮ್ಮ ಯಜಮಾನರು ಮತ್ತು ಹನ್ನೊಂದು ವರ್ಷದ ಮಗಳು ಅಮೆರಿಕದ ಲಾಸ್ ಏಂಜಲೀಸಿನಲ್ಲಿದ್ದ ನನ್ನ ತಂಗಿಯ ಮನೆಗೆ ಹೋಗಿದ್ದೆವು. ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯನ್ನು ನೋಡಿ ಬರುವ ಮನಸ್ಸಾಯಿತು. "ಅಕ್ಕಾ, ದಾರಿಯಲ್ಲಿ ಲಾಸ್ ವೇಗಸ್‌ನಲ್ಲಿ ಎರಡು ದಿನ ಇದ್ದು ಹೋಗಿ. ವಾರದ ನಡುವೆ ಅಲ್ಲಿ ಕೋಣೆ ತುಂಬಾ ಅಗ್ಗ" ಎಂದು ತಂಗಿಯೇ ಹೇಳಿದಳು. ಮೊಹಾವಿ ಮರುಭೂಮಿಯನ್ನು ಹಾದು, ಸುಮಾರು 430 ಕಿಲೋಮೀಟರ್ ಕಾರಿನಲ್ಲಿ ಸಾಗಿ ಆ ಊರು ಸೇರಿದೆವು.

ನಾವು ಇಳಿದದ್ದು ಸಿನಿಮಾಗಳಲ್ಲಿ ಕಾಣುವ ಕಾರಂಜಿ, ಪಿರಮಿಡ್ಡುಗಳ ಹೋಟೆಲಿನಲ್ಲಲ್ಲ. ಹಳೆಯ, ಸಾದಾ ಕಟ್ಟಡ. ಮಾಸಿದ ರತ್ನಗಂಬಳಿ, ಸಿಗರೇಟಿನ ವಾಸನೆ, ಕಿಟಕಿ ತೆರೆದರೆ ಕಾರು ನಿಲ್ಲಿಸುವ ಬಯಲು. ಆದರೆ ಹಾಸಿಗೆ ಶುಭ್ರವಾಗಿತ್ತು, ರಾತ್ರಿಗೆ ಬಾಡಿಗೆ 35 ಡಾಲರ್ ಮಾತ್ರ. ಅದರ ಮೇಲೆ 'ರೆಸಾರ್ಟ್ ಶುಲ್ಕ' ಎಂದು ಬೇರೆ ಹಣ ಕೊಡಬೇಕಾಯಿತೆನ್ನಿ. ಆದರೂ ಲೆಕ್ಕಕ್ಕೆ ಅಗ್ಗವೇ.

ಕೋಣೆಯಲ್ಲಿ ಕಾಫಿ ಕಾಯಿಸಲು ಏನೂ ಇರಲಿಲ್ಲ. ಕಾಫಿ ಬೇಕೆಂದರೆ ಕೆಳಗಿಳಿಯಬೇಕು. ಕೆಳಗಿಳಿದರೆ ಜೂಜಿನ ಅಂಗಳ. ಲಿಫ್ಟಿಗೆ ಹೋಗಲು, ಊಟದ ಮನೆಗೆ ಹೋಗಲು, ಹೊರಗೆ ಬೀದಿಗೆ ಹೋಗಲು, ಎಲ್ಲಕ್ಕೂ ಅದೇ ಅಂಗಳವನ್ನು ಹಾದೇ ಹೋಗಬೇಕು. ಅಲ್ಲಿ ಗೋಡೆ ಗಡಿಯಾರವಿಲ್ಲ, ಕಿಟಕಿಯಿಲ್ಲ. ಬೆಳಗಿನ ಆರು ಗಂಟೆಯೂ ರಾತ್ರಿಯ ಹನ್ನೊಂದು ಗಂಟೆಯೂ ಒಂದೇ ತೆರನಾಗಿ ಬೆಳಗುತ್ತಿರುತ್ತವೆ. ನೆವಾಡ ರಾಜ್ಯದ ಕಾನೂನಿನಂತೆ 21 ವರ್ಷ ತುಂಬದವರು ಆಡುವಂತಿಲ್ಲ, ಆಟದ ಜಾಗದಲ್ಲಿ ನಿಲ್ಲುವಂತೆಯೂ ಇಲ್ಲ; ದೊಡ್ಡವರ ಜೊತೆ ಹಾದುಹೋಗಬಹುದು, ಅಷ್ಟೆ. ಮಗಳು ಒಂದು ಯಂತ್ರದ ಬಣ್ಣ ನೋಡುತ್ತ ನಿಂತಾಗ ಕಾವಲಿನವನು ಬಂದು ನಯವಾಗಿಯೇ ಮುಂದೆ ಹೋಗಲು ಹೇಳಿದ. ಅವಳಿಗೆ ಅವಮಾನವಾಯಿತು. "ಹಾಗಾದರೆ ಮಕ್ಕಳನ್ನು ಯಾಕೆ ಕರೀತಾರಮ್ಮ?" ಎಂದಳು.

ಒಳ್ಳೆಯ ಪ್ರಶ್ನೆ. ನೆವಾಡದಲ್ಲಿ ಜೂಜು ಕಾನೂನುಬದ್ಧವಾದದ್ದು 1931ರಲ್ಲಿ. ಆಗ ಅದು ಬರಿಯ ದೊಡ್ಡವರ ಲೋಕ. 1968ರಲ್ಲಿ ತೆರೆದ 'ಸರ್ಕಸ್ ಸರ್ಕಸ್' ಎಂಬ ಕ್ಯಾಸಿನೊ, ಜೂಜಿನ ಅಂಗಳದ ಮೇಲ್ಗಡೆಯೇ ತೂಗುಯ್ಯಾಲೆಯ ಸರ್ಕಸ್ ಏರ್ಪಡಿಸಿ ಸಂಸಾರಸ್ಥರನ್ನು ಸೆಳೆಯಿತು. 1990ರ ದಶಕದ ಆರಂಭದಲ್ಲಿ ಕೋಟೆ, ಕಡಲ್ಗಳ್ಳರು, ಆಟದ ಉದ್ಯಾನ ಎಂದು ಮಕ್ಕಳ ಆಕರ್ಷಣೆಗಳು ಇನ್ನೂ ಹೆಚ್ಚಿದವು. ಮಗು ಆಡುವುದಿಲ್ಲ, ನಿಜ. ಆದರೆ ಮಗು ಬಂದರೆ ತಾಯಿತಂದೆಯರು ಬರುತ್ತಾರಲ್ಲ?

ಅಗ್ಗದ ಕೋಣೆಯ ನಷ್ಟವನ್ನು ತುಂಬುವವರು ಯಾರು? ಇಲ್ಲಿ ಸ್ವಲ್ಪ ಲೆಕ್ಕ ಹೇಳಲು ಅಪ್ಪಣೆ ಕೊಡಿ. ನಾನು ಓದಿದ್ದು ಬಿ.ಎಸ್ಸಿ. ಅಮೆರಿಕದ ರೂಲೆಟ್ ಚಕ್ರದಲ್ಲಿ 38 ಮನೆಗಳಿವೆ: 1ರಿಂದ 36, ಜೊತೆಗೆ ಒಂದು ಸೊನ್ನೆ, ಒಂದು ಜೋಡಿ ಸೊನ್ನೆ. ಪ್ರತಿ ಮನೆಗೂ ಒಂದೊಂದು ಡಾಲರ್ ಇಟ್ಟಿರಿ ಎನ್ನೋಣ. 38 ಡಾಲರ್ ಹೂಡಿದಿರಿ. ಗೆದ್ದ ಮನೆಗೆ 35 ಡಾಲರ್ ಲಾಭ, ನೀವಿಟ್ಟ 1 ಡಾಲರ್ ವಾಪಸು, ಒಟ್ಟು 36. ಉಳಿದ 2 ಡಾಲರ್ ಮಾಲೀಕನಿಗೆ. ಅಂದರೆ ನೂರಕ್ಕೆ ಸುಮಾರು ಐದೂಕಾಲು. ಇದರಲ್ಲಿ ಮೋಸವೇನಿಲ್ಲ, ಎಲ್ಲರಿಗೂ ಕಾಣುವಂತೆ ಚಕ್ರದ ಮೇಲೆಯೇ ಬರೆದಿದೆ.

ಐದೂಕಾಲು ಹೆಚ್ಚೇನಲ್ಲ ಎನಿಸುತ್ತದೆ. ಆದರೆ ಕೆಂಪಿನ ಮೇಲೆ ಪ್ರತಿಸಲ ಒಂದೊಂದು ಡಾಲರ್ ಇಡುವ ನೂರು ಮಂದಿಯನ್ನು ಊಹಿಸಿಕೊಳ್ಳಿ. ಒಂದೇ ಸಲ ಆಡಿ ಎದ್ದರೆ ಸುಮಾರು 47 ಮಂದಿ ಗೆದ್ದಿರುತ್ತಾರೆ. ತಲಾ ನೂರು ಸಲ ಆಡಿದರೆ ಲಾಭದಲ್ಲಿರುವವರು ಕಾಲುಭಾಗದಷ್ಟು ಮಾತ್ರ. ಸಾವಿರ ಸಲ ಆಡಿದರೆ ನಾಲ್ಕೈದು ಮಂದಿ. ಯಾಕೋಬ್ ಬರ್ನೂಲಿ ಎಂಬ ಗಣಿತಜ್ಞನ ಗ್ರಂಥ, ಅವನು ತೀರಿಕೊಂಡ ಮೇಲೆ 1713ರಲ್ಲಿ ಅಚ್ಚಾಯಿತು. ಆಟ ಹೆಚ್ಚಿದಷ್ಟೂ ಫಲಿತಾಂಶ ತನ್ನ ಸರಾಸರಿಯ ಕಡೆಗೆ ಸರಿಯುತ್ತದೆ ಎಂಬ ನಿಯಮ ಅದರಲ್ಲಿದೆ. ಮಾಲೀಕನಿಗೆ ಬೇಕಾದದ್ದು ನಿಮ್ಮ ಸೋಲಲ್ಲ, ನಿಮ್ಮ ಹೊತ್ತು. ಹೊತ್ತು ಸಿಕ್ಕರೆ ಸೋಲು ತಾನಾಗಿ ಬರುತ್ತದೆ. ಅಗ್ಗದ ಕೋಣೆ, ಗಡಿಯಾರವಿಲ್ಲದ ಗೋಡೆ, ಕಾಫಿಗೆ ಕೆಳಗಿಳಿಯುವ ದಾರಿ, ಎಲ್ಲವೂ ಆ ಹೊತ್ತಿಗಾಗಿ.

ಇದನ್ನೆಲ್ಲ ಮೊದಲ ರಾತ್ರಿಯೇ ಮಗಳಿಗೆ ಕಾಗದದ ಮೇಲೆ ಬರೆದು ತೋರಿಸಿದ್ದೆ. ಅವಳು ಖುಷಿಯಿಂದ ತಲೆದೂಗಿದ್ದಳು.

ಈಗ ಎರಡನೆಯ ಸಂಜೆಯ ಮಾತು. ಹಗಲೆಲ್ಲ ಹೂವರ್ ಅಣೆಕಟ್ಟನ್ನು ಬಿಸಿಲಿನಲ್ಲಿ ಸುತ್ತಿ ಬಂದಿದ್ದೆವು. ಊಟವಾದ ಮೇಲೆ, "ನೀವು ಕೋಣೆಗೆ ಹೋಗಿರಿ, ಹತ್ತು ನಿಮಿಷ ನೋಡಿ ಬರುತ್ತೇನೆ" ಎಂದು ಯಜಮಾನರಿಗೆ ಹೇಳಿ ಒಂದು ಸ್ಲಾಟ್ ಯಂತ್ರದ ಮುಂದೆ ಕುಳಿತೆ. 20 ಡಾಲರಿನ ನೋಟು, ಗುಂಡಿ ಒತ್ತಿದರೆ ಒಂದು ಆಟಕ್ಕೆ 40 ಸೆಂಟು. ಕೌತುಕ ಅಷ್ಟೆ.

ನಾನು ಟೆಲಿವಿಷನ್ನಿನವಳು. ನೋಡುಗನನ್ನು ಪರದೆಯ ಮುಂದೆ ಹಿಡಿದಿಡುವ ವಿದ್ಯೆ ನನ್ನ ಕಸುಬಿನದೇ. ಧಾರಾವಾಹಿಯಲ್ಲಿ ಬಾಗಿಲು ತೆರೆಯುವ ಕ್ಷಣಕ್ಕೆ ಸರಿಯಾಗಿ ಕಂತು ಮುಗಿಸುತ್ತೇವಲ್ಲ, ಆ ಯಂತ್ರ ಪ್ರತಿ ಆರು ಸೆಕೆಂಡಿಗೊಮ್ಮೆ ಅದನ್ನೇ ಮಾಡುತ್ತಿತ್ತು. 40 ಸೆಂಟು ಹಾಕಿ 15 ಸೆಂಟು ಬಂದರೂ ಗೆದ್ದವರಿಗೆ ನುಡಿಸುವ ಸಂಗೀತವನ್ನೇ ನುಡಿಸುತ್ತಿತ್ತು. ಕಳೆದುಕೊಂಡದ್ದು 25 ಸೆಂಟು, ಕಿವಿಗೆ ಕೇಳಿಸಿದ್ದು ಜಯಭೇರಿ! ದೊಡ್ಡ ಬಹುಮಾನದ ಚಿತ್ರ ಸಾಲಿನ ಕೂದಲೆಳೆಯಷ್ಟು ಮೇಲೆ ಬಂದು ನಿಲ್ಲುತ್ತಿತ್ತು. 'ಇನ್ನೇನು ಸಿಕ್ಕಿತ್ತು' ಎನಿಸುತ್ತಿತ್ತು. ಹಾಗೆನಿಸಿದ್ದು ನನ್ನೊಬ್ಬಳ ಭ್ರಮೆಯಲ್ಲ. ತಿರುಗುವ ಚಕ್ರ ಎಲ್ಲಿ ನಿಲ್ಲಬೇಕೆಂಬುದನ್ನು ಕಂಪ್ಯೂಟರಿನ ಯಾದೃಚ್ಛಿಕ ಸಂಖ್ಯೆ ತೀರ್ಮಾನಿಸುವ ವಿಧಾನಕ್ಕೆ 1984ರಲ್ಲಿ ಇಂಗೆ ಟೆಲ್ನೆಸ್ ಎಂಬವನು ಅಮೆರಿಕದಲ್ಲಿ ಪೇಟೆಂಟ್ ಪಡೆದ. ಕಣ್ಣಿಗೆ ಕಾಣುವ ಚಕ್ರದಲ್ಲಿ ಎಲ್ಲ ಚಿತ್ರಗಳಿಗೂ ಸಮಾನ ಅವಕಾಶವಿದ್ದಂತೆ ತೋರುತ್ತದೆ. ಒಳಗಿನ ಲೆಕ್ಕದಲ್ಲಿ ಹಾಗಿರಬೇಕಾಗಿಲ್ಲ. ನೆವಾಡದ ನಿಯಮದಂತೆ ಯಂತ್ರ ಲೆಕ್ಕದ ಪ್ರಕಾರ ನೂರಕ್ಕೆ 75ರಷ್ಟನ್ನಾದರೂ ಹಿಂದಿರುಗಿಸಬೇಕು. ಆದರೆ ಹಿಂದೆ ಬಂದದ್ದನ್ನು ನಾವು ಜೇಬಿಗೆ ಹಾಕಿಕೊಳ್ಳುತ್ತೇವೆಯೇ? ಮತ್ತೆ ಹೂಡುತ್ತೇವೆ. ಹಾಗೆ ಅರೆದು ಅರೆದು ನೋಟು ಕರಗುತ್ತದೆ.

20 ಡಾಲರ್ ಹೋಯಿತು. ಹೋದದ್ದನ್ನು ಹಿಂದಕ್ಕೆ ಪಡೆಯಲು ಮತ್ತೊಂದು ನೋಟು. ಪಣವನ್ನೂ ಹೆಚ್ಚಿಸಿದೆ. 'ಇಷ್ಟು ಹೊತ್ತು ಬಾರದ್ದು ಈಗ ಬರಲೇಬೇಕು' ಎಂದುಕೊಂಡೆ. ಯಂತ್ರಕ್ಕೆ ಹಿಂದಿನ ಆಟದ ನೆನಪಿರುವುದಿಲ್ಲ ಎಂದು ಹಿಂದಿನ ರಾತ್ರಿ ಮಗಳಿಗೆ ಕಲಿಸಿದವಳು ನಾನೇ. ಮೊಬೈಲ್ ಚೀಲದಲ್ಲಿತ್ತು, ಆ ಗದ್ದಲದಲ್ಲಿ ಅದು ಕೂಗಿದ್ದು ಕೇಳಿಸಿರಲಿಲ್ಲ.

"ಅಮ್ಮ" ಎಂಬ ದನಿ ಕೇಳಿ ತಿರುಗಿದೆ. ಅಪ್ಪನ ಕೈ ಹಿಡಿದು ಮಗಳು ಓಡಾಡುವ ದಾರಿಯ ಅಂಚಿನಲ್ಲಿ ನಿಂತಿದ್ದಳು. ಕಾವಲಿನವನು ಹೇಳಿದ್ದು ನೆನಪಿತ್ತು, ಗಡಿ ದಾಟಿರಲಿಲ್ಲ. ಹತ್ತು ನಿಮಿಷ ಎಂದು ಹೋದವಳು ಎರಡು ಗಂಟೆ ಕುಳಿತಿದ್ದೆ. ಕಳೆದದ್ದು 160 ಡಾಲರ್, ನಮ್ಮ ಎರಡು ರಾತ್ರಿಯ ಬಾಡಿಗೆಯ ಎರಡರಷ್ಟಕ್ಕಿಂತ ಹೆಚ್ಚು. ಯಜಮಾನರು ಏನೂ ಅನ್ನಲಿಲ್ಲ. ಲಿಫ್ಟಿನಲ್ಲಿ ಮಗಳು ಕೇಳಿದಳು: "ಅಮ್ಮ, ನಿನಗೆ ಲೆಕ್ಕ ಗೊತ್ತಿತ್ತಲ್ಲ?"

ಉತ್ತರ ಕೊಡಲಾಗಲಿಲ್ಲ. ಈಗ ಕೊಡಬಲ್ಲೆ. ನನಗೆ ಯಂತ್ರದ ಲೆಕ್ಕ ಗೊತ್ತಿತ್ತು, ನನ್ನ ಲೆಕ್ಕ ಗೊತ್ತಿರಲಿಲ್ಲ. ದಣಿದ ಮನಸ್ಸು, ಒಂಟಿ ಆಸನ, ಕಾಣದ ಗಡಿಯಾರ, ಇವು ಸೇರಿದ ಕಡೆ ವಿಜ್ಞಾನದ ಪದವಿ ಕಾವಲಿಗೆ ಬರುವುದಿಲ್ಲ. ಅಕ್ಷರ ಬಾರದವರಷ್ಟೇ ಜೂಜಿಗೆ ಬೀಳುತ್ತಾರೆಂದು ನಾನು ನಂಬಿದ್ದೆ. ಚಿಕ್ಕವಳಿದ್ದಾಗ ನಮ್ಮ ಬೀದಿಯ ಲಾಟರಿ ಅಂಗಡಿಯ ಮುಂದೆ ಸಂಬಳದ ದಿನ ನಿಲ್ಲುತ್ತಿದ್ದವರನ್ನು ಕಂಡು ಮೂಗು ಮುರಿದವಳು ನಾನು. 2007ರಲ್ಲಿ ಕರ್ನಾಟಕದಲ್ಲಿ ಲಾಟರಿ ನಿಂತಾಗ 'ಒಳ್ಳೆಯದಾಯಿತು, ಅವರು ಉಳಿದರು' ಎಂದುಕೊಂಡಿದ್ದೆ. 'ಅವರು' ಎಂದೆನೇ ಹೊರತು 'ನಾವು' ಎನ್ನಲಿಲ್ಲ. ಧರ್ಮರಾಯನಿಗೆ ಧರ್ಮ ಗೊತ್ತಿರಲಿಲ್ಲವೇ?

ನೀವು ಲಾಸ್ ವೇಗಸ್ಸಿಗೆ ಹೋಗದಿರಬಹುದು. ಪಣಜಿಯ ಮಾಂಡೋವಿ ನದಿಯ ಮೇಲಿನ ಕ್ಯಾಸಿನೊ ಹಡಗಿಗೆ ಗೆಳೆಯರ ಜೊತೆ ಹೋಗಬಹುದು. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ನಮ್ಮ ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಆದರೂ ಹೊತ್ತನ್ನು ಕದಿಯುವ ಪರದೆಗಳಿಗೇನೂ ಬರವಿಲ್ಲ. ಎಲ್ಲಿಯೇ ಆಗಲಿ, ಎಷ್ಟು ಹಣ ಎಂದು ನಿರ್ಧರಿಸುವ ಮೊದಲು ಎಷ್ಟು ಹೊತ್ತು ಎಂದು ನಿರ್ಧರಿಸಿ. ಆ ಹೊತ್ತನ್ನು ಇನ್ನೊಬ್ಬರಿಗೆ ಹೇಳಿ. ಅವರು ಬಂದು ಕರೆದರೆ ಏಳಿ. ನನ್ನನ್ನು ಅಂದು ಎಬ್ಬಿಸಿದ್ದು ಬರ್ನೂಲಿಯ ನಿಯಮವಲ್ಲ, ಗಡಿಯಲ್ಲಿ ನಿಂತ ಮಗಳ ದನಿ.