ಬೆಳಕಿಗೆ ಬೆಳಕೇ ಒರೆಗಲ್ಲು

ಬೆಂಗಳೂರಿನ ಮೇಖ್ರಿ ವೃತ್ತದ ಸಮೀಪದಲ್ಲಿ, ಹೆಬ್ಬಾಳಕ್ಕೆ ಹೋಗುವ ಹೆದ್ದಾರಿಯ ಸದ್ದಿಗೆ ತುಸು ಮರೆಯಾಗಿ, ಮರಗಳ ನಡುವೆ ರಾಮನ್ ಸಂಶೋಧನಾ ಸಂಸ್ಥೆಯಿದೆ. 1948ರಲ್ಲಿ ಸರ್ ಸಿ. ವಿ. ರಾಮನ್ನರು ಸ್ಥಾಪಿಸಿದ ಸಂಸ್ಥೆ ಅದು. 1970ರ ನವೆಂಬರಿನಲ್ಲಿ ಅವರ ಅಂತ್ಯಸಂಸ್ಕಾರ ನಡೆದದ್ದೂ ಆ ತೋಟದಲ್ಲಿಯೇ. ಬೆಳಕು ವಸ್ತುವನ್ನು ಮುಟ್ಟಿದಾಗ ಏನಾಗುತ್ತದೆ? ಇದು ಅವರ ಜೀವಮಾನದ ಪ್ರಶ್ನೆ. ದ್ರವವೊಂದನ್ನು ಹಾಯ್ದ ಬೆಳಕಿನಲ್ಲಿ ಅತ್ಯಲ್ಪ ಅಂಶವು ಬಣ್ಣ ಬದಲಿಸಿಕೊಂಡು ಹೊರಬರುವುದನ್ನು ಅವರು 1928ರಲ್ಲಿ ಕಲಕತ್ತೆಯಲ್ಲಿ ಕಂಡರು. ಇಂದಿನ ವಿಜ್ಞಾನಿಗಳು ಅದೇ ಪ್ರಶ್ನೆಯನ್ನು ಇನ್ನೊಂದು ತುದಿಯಿಂದ ಕೇಳುತ್ತಿದ್ದಾರೆ: ಬೆಳಕು ವಸ್ತುವನ್ನು ಎಷ್ಟು ಬಲವಾಗಿ ತಳ್ಳಬಲ್ಲದು?

ಈ ಪ್ರಶ್ನೆಯ ಬೆನ್ನುಹತ್ತಿದ ನಮ್ಮ ದೇಶದ ಎರಡು ಪ್ರಯೋಗಾಲಯಗಳಿಗೂ ಕನ್ನಡನಾಡಿಗೂ ನಂಟುಂಟು. ಒಂದು, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ. 1945ರ ಜೂನ್ ತಿಂಗಳಿನಲ್ಲಿ ಹೋಮಿ ಭಾಭಾ ಅವರು ಅದನ್ನು ಆರಂಭಿಸಿದ್ದು ಯಶವಂತಪುರದ ಮಗ್ಗುಲಿನ, ಊರವರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ, ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ಅದೇ ವರ್ಷ ಅದು ಮುಂಬಯಿಗೆ ಹೋಯಿತು. ಇನ್ನೊಂದು, ಇಂದೋರಿನ ಪ್ರಗತ ತಂತ್ರಜ್ಞಾನ ಕೇಂದ್ರ. ಅದು ಹೊತ್ತಿರುವುದು ತುಮಕೂರು ಸೀಮೆಯಲ್ಲಿ ಹುಟ್ಟಿದ ರಾಜಾ ರಾಮಣ್ಣನವರ ಹೆಸರನ್ನು. ಎರಡೂ ಕಡೆ ನೂರು ಟೆರಾವ್ಯಾಟನ್ನು ಮೀರಿದ ಲೇಸರುಗಳಿವೆ.

ಒಂದು ಟೆರಾವ್ಯಾಟ್ ಎಂದರೆ ಲಕ್ಷ ಕೋಟಿ ವ್ಯಾಟ್. ಅಂಕಿಯನ್ನು ಕೇಳಿಯೇ ಎದೆ ನಡುಗುತ್ತದೆ. ಆದರೆ ಈ ಲೇಸರಿನ ಒಂದು ಮಿಡಿತದಲ್ಲಿ ಅಡಗಿರುವ ಶಕ್ತಿಯನ್ನು ಲೆಕ್ಕ ಹಾಕಿ ನೋಡಿ. ನೂರು ಟೆರಾವ್ಯಾಟಿನ ಮಿಡಿತವು ಒಂದು ಸೆಕೆಂಡನ್ನು ಕೋಟಿಯಿಂದ ಭಾಗಿಸಿ, ಬಂದದ್ದನ್ನು ಮತ್ತೆ ಕೋಟಿಯಿಂದ ಭಾಗಿಸಿದರೆ ಸಿಗುವ ಕಾಲದ ಮೂರು ಪಟ್ಟು ಮಾತ್ರ ಬಾಳಿದರೆ, ಅದರಲ್ಲಿರುವುದು ಮೂರು ಜೂಲ್ ಶಕ್ತಿ. ಮುನ್ನೂರು ಗ್ರಾಂ ತೂಕದ ಪುಸ್ತಕವೊಂದನ್ನು ನೆಲದಿಂದ ಮೇಜಿನ ಮೇಲೆತ್ತಿಡಲು ಸಾಕಾಗುವಷ್ಟು! ಅಷ್ಟು ಕಿರಿದಾದ ಕ್ಷಣದೊಳಗೆ ಅದನ್ನು ಇಡುಕಿರುವುದರಲ್ಲಿಯೇ ಅದರ ಪ್ರತಾಪವಿದೆ.

ಈ ಪ್ರತಾಪದಿಂದ ಪ್ರಯೋಜನವೇನು? ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಎಲೆಕ್ಟ್ರಾನುಗಳಿಗೆ ವೇಗ ಕೊಡಲು ಕಟ್ಟಿದ ಯಂತ್ರ ಮೂರು ಕಿಲೋಮೀಟರಿನಷ್ಟು ಉದ್ದವಿದೆ. 1979ರಲ್ಲಿ ತೊಶಿಕಿ ತಜಿಮಾ ಮತ್ತು ಜಾನ್ ಡಾಸನ್ ಎಂಬ ವಿಜ್ಞಾನಿಗಳು ಒಂದು ಸರಳ ಉಪಾಯವನ್ನು ಸೂಚಿಸಿದರು. ಕೆರೆಯಲ್ಲಿ ದೋಣಿ ಸಾಗಿದಾಗ ಅದರ ಹಿಂದೆ ಅಲೆಯೇಳುವಂತೆ, ಪ್ಲಾಸ್ಮಾ ಎಂಬ ಅನಿಲಸ್ಥಿತಿಯೊಳಗೆ ಲೇಸರಿನ ಮಿಡಿತ ಹಾಯ್ದಾಗಲೂ ಅಲೆಯೇಳುತ್ತದೆ. ಆ ಅಲೆಯನ್ನೇರಿದ ಎಲೆಕ್ಟ್ರಾನು ಅತ್ಯಲ್ಪ ದೂರದಲ್ಲಿ ಅತಿವೇಗವನ್ನು ಪಡೆಯುತ್ತದೆ. 2019ರಲ್ಲಿ ಅಮೆರಿಕದ ಬರ್ಕ್ಲಿ ಪ್ರಯೋಗಾಲಯದವರು ಕೇವಲ 20 ಸೆಂಟಿಮೀಟರ್ ಹಾದಿಯಲ್ಲಿ 780 ಕೋಟಿ ಎಲೆಕ್ಟ್ರಾನ್ ವೋಲ್ಟಿನ ಶಕ್ತಿಯನ್ನು ಪಡೆದುದಾಗಿ ಪ್ರಕಟಿಸಿದರು.

ಉಪಾಯ ಹೊಳೆದಾಗ ಅಂಥ ಲೇಸರ್ ಇರಲಿಲ್ಲ. ಬೆಳಕನ್ನು ಬಲಪಡಿಸುತ್ತ ಹೋದರೆ ಬಲಪಡಿಸುವ ಸ್ಫಟಿಕವೇ ಸುಟ್ಟುಹೋಗುತ್ತಿತ್ತು. 1985ರಲ್ಲಿ ರಾಚೆಸ್ಟರಿನಲ್ಲಿ ಡೊನಾ ಸ್ಟ್ರಿಕ್ಲೆಂಡ್ ಮತ್ತು ಜೆರಾರ್ ಮೂರು ಇದಕ್ಕೆ ದಾರಿ ಕಂಡರು. ಮಿಡಿತವನ್ನು ಮೊದಲು ಕಾಲದಲ್ಲಿ ಉದ್ದಕ್ಕೆ ಎಳೆದು ಸೌಮ್ಯಗೊಳಿಸುವುದು, ಆ ಸೌಮ್ಯರೂಪದಲ್ಲಿಯೇ ಅದಕ್ಕೆ ಬಲ ತುಂಬುವುದು, ಕಟ್ಟಕಡೆಗೆ ಮತ್ತೆ ಕುಗ್ಗಿಸುವುದು. 2018ರ ನೊಬೆಲ್ ಪಾರಿತೋಷಕದಲ್ಲಿ ಅವರಿಬ್ಬರಿಗೆ ಪಾಲು ದೊರೆತದ್ದು ಈ ಕಾರ್ಯಕ್ಕಾಗಿ.

ಯಂತ್ರವನ್ನು ಜೋಡಿಸಿದ್ದಾಯಿತು ಎಂದುಕೊಳ್ಳೋಣ. ನಿಜವಾದ ಕೆಲಸ ಆಮೇಲೆ ಮೊದಲಾಗುತ್ತದೆ. ಪೂರ್ಣಬಲವನ್ನು ಒಮ್ಮೆಗೇ ಬಿಡುವಂತಿಲ್ಲ. ಅಲ್ಪ ಬಲದ ಬೆಳಕನ್ನು ಹಾಯಿಸಿ, ಒಂದೊಂದು ಕನ್ನಡಿಯನ್ನೂ ಸರಿಯಾದ ಕೋನಕ್ಕೆ ತರಬೇಕು. ಹಂತಹಂತವಾಗಿ ಬಲ ಏರಿಸಬೇಕು. ಕನ್ನಡಿಯ ಮೇಲೆ ಕುಳಿತ ಒಂದು ಧೂಳಿನ ಕಣವೂ ಸುಟ್ಟು, ಬೆಲೆಬಾಳುವ ಫಲಕದಲ್ಲಿ ಕಲೆಯನ್ನುಳಿಸಬಲ್ಲದು. ಕುಗ್ಗಿಸಿದ ಬಳಿಕ ಗಾಳಿಯೇ ಬೆಳಕಿನ ರೂಪವನ್ನು ಕೆಡಿಸುವುದರಿಂದ ಮುಂದಿನ ಹಾದಿಯೆಲ್ಲ ನಿರ್ವಾತದಲ್ಲಿ.

ಇಷ್ಟು ಕಿರಿದಾದ ಕಾಲವನ್ನು ಅಳೆಯುವುದೆಂತು? ಅಷ್ಟು ಚುರುಕಾದ ಗಡಿಯಾರವಾಗಲಿ ವಿದ್ಯುತ್ ಉಪಕರಣವಾಗಲಿ ಇಲ್ಲ. ಆದ್ದರಿಂದ ಮಿಡಿತವನ್ನೇ ಎರಡಾಗಿ ಸೀಳಿ, ಒಂದನ್ನು ಕೊಂಚ ಬಳಸುದಾರಿಯಲ್ಲಿ ಕಳುಹಿಸಿ, ಎರಡನ್ನೂ ಸ್ಫಟಿಕವೊಂದರಲ್ಲಿ ಸಂಧಿಸುವಂತೆ ಮಾಡುತ್ತಾರೆ. ಎರಡೂ ಒಂದೇ ಕ್ಷಣದಲ್ಲಿ ಕೂಡಿದರೆ ಮಾತ್ರ ಹೊಸ ಬಣ್ಣದ ಬೆಳಕು ಹುಟ್ಟುತ್ತದೆ. ಕನ್ನಡಿಯನ್ನು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು ಸರಿಸುತ್ತ, ಆ ಬಣ್ಣ ಎಲ್ಲಿ ಮೂಡಿ ಎಲ್ಲಿ ಮಾಯವಾಯಿತೆಂದು ನೋಡಿ ಕಾಲವನ್ನು ತಿಳಿಯುತ್ತಾರೆ. ಚಿನಿವಾರನಿಗೆ ಕರಿಯ ಕಲ್ಲು ಒರೆಗಲ್ಲಾದರೆ, ಇಲ್ಲಿ ಬೆಳಕಿಗೆ ಬೆಳಕೇ ಒರೆಗಲ್ಲು.

ಮತ್ತೊಂದು ಪರೀಕ್ಷೆ ಇದಕ್ಕಿಂತ ಕಠಿಣ. ಮುಖ್ಯ ಮಿಡಿತಕ್ಕಿಂತ ಮುಂಚೆ ತುಸು ಬೆಳಕು ಸೋರುವುದುಂಟು. ಅದು ಮುಖ್ಯ ಮಿಡಿತದ ಹತ್ತು ಕೋಟಿಯಲ್ಲಿ ಒಂದು ಪಾಲಿನಷ್ಟಿದ್ದರೂ ತೆಳುವಾದ ಗುರಿಹಾಳೆಯನ್ನು ಮೊದಲೇ ಹಾಳುಮಾಡೀತು. ನಾಂದಿಯಲ್ಲಿಯೇ ರಂಗಮಂಟಪ ಕುಸಿದರೆ ನಾಯಕ ಪ್ರವೇಶಿಸಿ ಮಾಡುವುದೇನು? ಕೊನೆಗೆ ಹೊರಬಂದ ಎಲೆಕ್ಟ್ರಾನುಗಳನ್ನು ಅಯಸ್ಕಾಂತದಿಂದ ಬಾಗಿಸಿ ತೆರೆಯ ಮೇಲೆ ಬೀಳಿಸುತ್ತಾರೆ. ಹೆಚ್ಚು ಶಕ್ತಿಯದು ಕಡಿಮೆ ಬಾಗುತ್ತದೆ. ಕಡಿಮೆ ಶಕ್ತಿಯದು ಹೆಚ್ಚು ಬಾಗುತ್ತದೆ. ಯಂತ್ರದ ಯೋಗ್ಯತೆಯನ್ನು ಆ ತೆರೆ ಹೇಳುತ್ತದೆ.

ಪತ್ರಿಕೆಗಳಲ್ಲಿ ಸುದ್ದಿಯಾಗುವುದು ಟೆರಾವ್ಯಾಟಿನ ಅಂಕಿ. ಆ ಅಂಕಿ ಬರುವುದು ಶಕ್ತಿಯನ್ನು ಕಾಲದಿಂದ ಭಾಗಿಸಿ. ಬೆಳಕು ಕೂದಲೆಳೆಗಿಂತ ಚಿಕ್ಕದಾದ ಚುಕ್ಕೆಯಲ್ಲಿ ನಿಂತಿತೆ, ಹತ್ತನೆಯ ಮಿಡಿತವೂ ಸಾವಿರದನೆಯ ಮಿಡಿತವೂ ಒಂದೇ ತೆರನಾಗಿದ್ದುವೆ ಎಂಬುದನ್ನು ಅದು ಹೇಳುವುದಿಲ್ಲ. ಈ ಪುಟ್ಟ ಯಂತ್ರಗಳಿಂದ ಮುಂದೊಂದು ದಿನ ಅರ್ಬುದರೋಗಕ್ಕೆ ಚಿಕಿತ್ಸೆ ದೊರೆಯಬಹುದೆಂಬ ಆಸೆಯಿದೆ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ ರೋಗಿಯ ಮುಂದೆ, ಒಂದು ಮಿಡಿತ ಹೆಚ್ಚಾಯಿತು, ಇನ್ನೊಂದು ಕಡಿಮೆಯಾಯಿತು ಎಂದು ಹೇಳುವಂತಿಲ್ಲ. ಆ ದಿನವನ್ನು ಹತ್ತಿರ ತರುವವರು ದಾಖಲೆ ಮುರಿದವರಷ್ಟೇ ಅಲ್ಲ. ಕಿಟಕಿಯಿಲ್ಲದ ಕೋಣೆಯಲ್ಲಿ ನಿಂತು, ನಿನ್ನೆ ಅಳೆದುದನ್ನೇ ಇಂದೂ ಅಳೆಯುವ ತರುಣ ತರುಣಿಯರು. ನಾಡು ಅವರಿಗೆ ಹಣದೊಂದಿಗೆ ಕಾಲವನ್ನೂ ಕೊಡಬೇಕು. ಫಲವೆಲ್ಲಿ ಎಂದು ವರ್ಷವರ್ಷವೂ ಕೇಳುವವರು, ಒರೆಗೆ ಹಚ್ಚದ ಚಿನ್ನವನ್ನು ಯಾರೂ ಕೊಳ್ಳುವುದಿಲ್ಲವೆಂಬುದನ್ನು ನೆನೆಯುವುದು ಒಳ್ಳೆಯದು.