ನಾಲಿಗೆಯ ಮೇಲೆ ನೋವಿಲ್ಲದ ಗಂಟು

“ನೋವಿಲ್ಲರೀ, ಅದಕ್ಕೇ ಬಿಟ್ಟಿದ್ದೆ” ಎಂಬ ಮಾತನ್ನು ನಾವು ದಿನಾಲೂ ಕೇಳುತ್ತೇವೆ.

ನಾಲಿಗೆಯ ಬುಡದಲ್ಲಿ ಸಾಲಾಗಿ ಕಾಣುವ ಉಬ್ಬುಗಳು ಎಲ್ಲರಿಗೂ ಇರುವಂಥವು, ಹೆದರಬೇಡಿ. ಪದೇ ಪದೇ ಹಲ್ಲಿಗೆ ಸಿಕ್ಕ ಜಾಗದಲ್ಲೂ ಗಂಟು ಏಳುವುದುಂಟು. ಆದರೆ ಅಂಚಿನಲ್ಲಿ ಎದ್ದ ಗಂಟು ಗಟ್ಟಿಯಾಗಿದ್ದರೆ, ಬಿಳಿ ಇಲ್ಲವೆ ಕೆಂಪು ಮಚ್ಚೆ ಕಂಡರೆ, 2 ವಾರವಾದರೂ ಹೋಗದಿದ್ದರೆ ತೋರಿಸಲೇಬೇಕು. ಕ್ಯಾನ್ಸರ್ ಮೊದಮೊದಲು ಬಹಳ ಸಲ ನೋಯುವುದೇ ಇಲ್ಲ. ಆಗಲೇ ಸಿಕ್ಕರೆ ಗುಣವಾಗುವ ಸಾಧ್ಯತೆ ಹೆಚ್ಚು. ತಂಬಾಕು, ಗುಟ್ಕಾ, ಎಲೆ-ಅಡಿಕೆ ಹಾಕುವವರಂತೂ ತಡಮಾಡಬಾರದು.

ಸುಣ್ಣ ಹಚ್ಚಿ ಸುಡಬೇಡಿ. ಬೇಕೆನಿಸಿದರೆ ವೈದ್ಯರು ಜಾಗ ಮರಗಟ್ಟಿಸಿ ಚಿಕ್ಕ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಹಾಗೆ ತೆಗೆದರೆ ರೋಗ ಹರಡುತ್ತದೆಂಬುದು ಸುಳ್ಳು.

ಹಿರಿಯರು ಬಾಯಿ ತೆರೆದು ತೋರಿಸಲು ಸಂಕೋಚಪಡುತ್ತಾರೆ. ಜೊತೆಗೆ ಬಂದವರೇ, ಇಂದೇ ಬೆಳಕಿನಲ್ಲಿ ಒಮ್ಮೆ ನೋಡಿ.